ಸೊಂಟಕ್ಕೆ ಹಾಕಿದ ಕೃತಕ ಕೀಲು ಮುರಿದರೆ ಏನು ಮಾಡಬೇಕು, ಯಾವುದನ್ನು ಮೊದಲು ಕೇಳಬೇಕು

ಹಿಪ್ ರಿಪ್ಲೇಸ್‌ಮೆಂಟ್ ಮಾಡಿಸಿಕೊಂಡವರು ಈಗ ಪ್ರತಿ ಊರಲ್ಲೂ ಸಿಗುತ್ತಾರೆ. ಬಚ್ಚಲಲ್ಲಿ ಜಾರಿ ಚಪ್ಪೆ ಮುರಿದುಕೊಂಡ ಅಜ್ಜಿ, ಸ್ಟೀರಾಯ್ಡ್ ಜಾಸ್ತಿಯಾಗಿ ತೊಡೆಮೂಳೆಯ ತಲೆಗೆ ರಕ್ತ ಹೋಗದೆ ಅದು ಕುಸಿದುಹೋದ ಚಿಕ್ಕ ವಯಸ್ಸಿನವರು, ಹಳೇ ಸಂಧಿವಾತದವರು, ಹೀಗೆ. ಬಹುಪಾಲು ಜನರಿಗೆ ಹಾಕಿದ ಕೀಲು ಚೆನ್ನಾಗಿಯೇ ನಡೆಯುತ್ತದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನವೊಂದರ ಪ್ರಕಾರ ನೂರರಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ.

ಉಳಿದವರಿಗೆ ಯಾವಾಗಲೋ ಒಮ್ಮೆ ಮತ್ತೆ ಆಪರೇಷನ್ ಬೇಕಾಗುತ್ತದೆ. ಅದನ್ನೇ ರಿವಿಷನ್ ಅನ್ನುತ್ತಾರೆ. ಹೆಚ್ಚಿನ ರಿವಿಷನ್ ಆಗುವುದು ಕೀಲು ಸಡಿಲವಾಗಿ, ಸೋಂಕು ತಗುಲಿ, ಅಥವಾ ಪದೇ ಪದೇ ಜಾರಿ. ಕೀಲಿನ ಭಾಗವೇ ಮುರಿಯುವುದು ಅಪರೂಪ. ಆದರೆ ಅದು ಆದಾಗ ಮನೆಯವರಿಗೆ ಕೈಕಾಲು ಆಡುವುದಿಲ್ಲ, ಎಲ್ಲರೂ ಮೊದಲು ಕೇಳುವ ಪ್ರಶ್ನೆ "ಎಷ್ಟು ಖರ್ಚಾಗುತ್ತೆ ಡಾಕ್ಟ್ರೇ?" ಎಂಬುದು. ಅದನ್ನು ಕೇಳಲೇಬೇಕು, ಸರಿ. ಆದರೆ ಅದಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿ: ಏನು ಮುರಿದಿದೆ? ಯಾಕೆ ಮುರಿಯಿತು? ಈ ಎರಡಕ್ಕೆ ಉತ್ತರ ಸಿಗದೆ ಮಾಡಿದ ರಿವಿಷನ್, ಅದೇ ಕಾರಣಕ್ಕೆ ಮತ್ತೆ ಕೆಡಬಹುದು. ನಮ್ಮ ದೊಡ್ಡಮ್ಮನ ರಿವಿಷನ್ ಸಮಯದಲ್ಲಿ ಓಡಾಡಿದವನು ನಾನು. ಆಗ ಕಲಿತದ್ದು, ಆಮೇಲೆ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕಾಲಿಗೆ ಭಾರ ಹಾಕಬೇಡಿ

ಕೂತಲ್ಲಿಂದ ಏಳುವಾಗ ಟಕ್ ಅಂತ ಸದ್ದಾಗಿ ಕಾಲು ನಿಲ್ಲದೆ ಹೋದರೆ, ಒಂದು ಕಾಲು ಗಿಡ್ಡವಾದಂತೆ ಕಂಡರೆ, ಪಾದ ಒಳಕ್ಕೋ ಹೊರಕ್ಕೋ ತಿರುಗಿಕೊಂಡಿದ್ದರೆ, "ಒಂದ್ಸಲ ನಿಂತು ನೋಡಮ್ಮ" ಅನ್ನಬೇಡಿ. ಮಲಗಿದ್ದಲ್ಲೇ ಮಲಗಿರಲಿ. ಕಾಲನ್ನು ಎಳೆದು ಸರಿ ಮಾಡಲು ಹೋಗಬೇಡಿ. ಕಾಲು ಹೇಗಿದೆಯೋ ಹಾಗೇ ಇರಲಿ, ಎರಡೂ ಪಕ್ಕ ದಿಂಬು ಒತ್ತಿಟ್ಟು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಅನಸ್ತೇಶಿಯಾ ಕೊಡಬೇಕಾಗಬಹುದು, ಹಾಗಾಗಿ ಡಾಕ್ಟರ್ ನೋಡುವವರೆಗೆ ಕಾಫಿ, ಗಂಜಿ, ಏನೂ ಬೇಡ.

ಪುತ್ತೂರು ಕಟ್ಟು ಹಾಕಿಸೋಣ, ಎಣ್ಣೆ ಹಚ್ಚಿ ತಿಕ್ಕೋಣ ಅನ್ನುವವರು ಎಲ್ಲ ಮನೆಯಲ್ಲೂ ಇರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಒಳಗೆ ಮುರಿದಿರುವುದು ಲೋಹ ಅಥವಾ ಸೆರಾಮಿಕ್ (ಪಿಂಗಾಣಿಯಂಥ ಗಟ್ಟಿ ವಸ್ತು) ಆಗಿದ್ದರೆ ಹೊರಗಿನ ಕಟ್ಟಿನಿಂದ ಅದು ಕೂಡುವುದಿಲ್ಲ. ತಿಕ್ಕಿದರೆ ಚೂಪಾದ ಚೂರು ಸುತ್ತಲಿನ ಮಾಂಸವನ್ನು ಇನ್ನಷ್ಟು ಕೊಯ್ಯುತ್ತದೆ.

ಹೊರಡುವಾಗ ಮೂರು ವಸ್ತು ಮರೆಯಬೇಡಿ: ಹಳೇ ಆಪರೇಷನ್ನಿನ ಫೈಲು, ಹಳೇ ಎಕ್ಸ್-ರೇಗಳು, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದನ್ನು ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಎಲ್ಲರಿಗೂ ಹೀಗೆ ಒಮ್ಮೆಲೇ ಆಗುವುದಿಲ್ಲ. ಎಷ್ಟೋ ಸಲ ತಿಂಗಳುಗಟ್ಟಲೆ ಮುಂಚೆಯೇ ಸೂಚನೆ ಬಂದಿರುತ್ತದೆ. ಕುರ್ಚಿಯಿಂದ ಎದ್ದ ಮೊದಲ ನಾಲ್ಕೈದು ಹೆಜ್ಜೆಗೆ ತೊಡೆಯಲ್ಲಿ ನೋವು, ಆಮೇಲೆ ಕಡಿಮೆ. ಇದು ಸ್ಟೆಮ್ (ತೊಡೆಮೂಳೆಯೊಳಗೆ ಇಳಿಸಿದ ಕಡ್ಡಿ) ಸಡಿಲವಾಗುತ್ತಿರುವ ಲಕ್ಷಣ ಇರಬಹುದು. ತೊಡೆಸಂದಿಯಲ್ಲಿ ನೋವಿದ್ದರೆ ಕಪ್ (ಸೊಂಟದ ಮೂಳೆಯಲ್ಲಿ ಕೂರಿಸಿದ ಬಟ್ಟಲು) ಕಡೆ ಅನುಮಾನ ಪಡುತ್ತಾರೆ. ಕೀಲು ಕಿರ್ ಅನ್ನುವುದು, ಒಳಗೆ ಮರಳು ಅರೆದಂತೆ ಅನ್ನಿಸುವುದು, ಹೊಸದಾಗಿ ಕುಂಟು ಶುರುವಾಗುವುದು, ಇವೆಲ್ಲ "ವಯಸ್ಸಾಯ್ತಲ್ವಾ" ಅಂತ ಬಿಡುವ ವಿಷಯಗಳಲ್ಲ. ಗಾಯದ ಜಾಗದಲ್ಲಿ ಕೀವು ಬಂದರೆ, ಜ್ವರದ ಜೊತೆ ಸೊಂಟ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಎರಡನೇ ಹೆಜ್ಜೆ: ಮುರಿದಿರುವುದು ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳಿ

ನಮ್ಮಲ್ಲಿ ಎಲ್ಲದಕ್ಕೂ "ರಾಡ್ ಹಾಕಿದ್ದಾರೆ" ಅನ್ನುತ್ತೇವೆ. ಇದರಿಂದ ತುಂಬಾ ಗೊಂದಲವಾಗುತ್ತದೆ. ಮುರಿದ ಮೂಳೆಯನ್ನು ಹಿಡಿದಿಡಲು ಹಾಕುವ ರಾಡ್, ಪ್ಲೇಟು, ಸ್ಕ್ರೂ ಬೇರೆ. ಮೂಳೆಯ ತಲೆಯನ್ನೇ ತೆಗೆದು ಹಾಕುವ ಕೃತಕ ಕೀಲು ಬೇರೆ. ಮೊದಲನೆಯದು ಮುರಿದಿದ್ದರೆ ಬಹಳ ಸಲ ಕಾರಣ ಒಂದೇ, ಮೂಳೆ ಕೂಡಿಲ್ಲ. ಅದರ ಚಿಕಿತ್ಸೆಯ ದಾರಿಯೇ ಬೇರೆ. ಕೃತಕ ಕೀಲಿನಲ್ಲೂ ಅರ್ಧ ಕೀಲು, ಪೂರ್ತಿ ಕೀಲು ಅಂತ ಇದೆ. ವಯಸ್ಸಾದವರಿಗೆ ಚಪ್ಪೆ ಮುರಿದಾಗ ಬರೀ ಬಾಲ್ ಮತ್ತು ಸ್ಟೆಮ್ ಹಾಕುತ್ತಾರೆ, ಆಸ್ಟಿನ್ ಮೂರ್ ಅಥವಾ ಬೈಪೋಲಾರ್ ಅಂತ ಫೈಲಲ್ಲಿ ಬರೆದಿರುತ್ತದೆ. ಪೂರ್ತಿ ಕೀಲಾದರೆ ಸೊಂಟದ ಮೂಳೆಯಲ್ಲಿ ಕಪ್, ಅದರೊಳಗೆ ಲೈನರ್ ಎಂಬ ಒಳಪದರ, ಲೈನರ್ ಒಳಗೆ ಆಡುವ ಬಾಲ್, ಬಾಲ್ ಕೂರುವ ಸ್ಟೆಮ್, ಹೀಗೆ ನಾಲ್ಕು ಭಾಗ.

ಇದರಲ್ಲಿ ಯಾವುದೂ ಮುರಿಯಬಹುದು, ಪ್ರತಿಯೊಂದಕ್ಕೂ ಅದರದ್ದೇ ಕಥೆ ಇದೆ.

ಸ್ಟೆಮ್ ತೊಡೆಮೂಳೆಯ ಒಳಗೆ ಇಳಿದಿರುವ ಲೋಹದ ಕಡ್ಡಿ. ನಾವು ಮಾಮೂಲಿಯಾಗಿ ನಡೆಯುವಾಗಲೇ ಸೊಂಟದ ಕೀಲಿನ ಮೇಲೆ ದೇಹದ ತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಸ್ಟೆಮ್ಮಿನ ಕೆಳಭಾಗ ಮೂಳೆಯಲ್ಲಿ ಗಟ್ಟಿಯಾಗಿ ಕೂತಿದ್ದು, ಮೇಲ್ಭಾಗದ ಸುತ್ತ ಮೂಳೆ ಸವೆದಿದ್ದರೆ ಅಥವಾ ಸ್ಟೆಮ್ಮನ್ನು ಮೂಳೆಗೆ ಹಿಡಿದಿಡುವ ಸಿಮೆಂಟ್ ಬಿಟ್ಟುಕೊಂಡಿದ್ದರೆ, ಪ್ರತಿ ಹೆಜ್ಜೆಗೂ ಮೇಲ್ಭಾಗ ಚೂರು ಚೂರೇ ಬಾಗುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸುತ್ತಾ ಇದ್ದರೆ ಕೊನೆಗೆ ತುಂಡಾಗುತ್ತಲ್ಲ, ಹಾಗೆ. ಭಾರದ ಮೈಯವರಿಗೆ ಸಣ್ಣ ಸೈಜಿನ ಸ್ಟೆಮ್ ಹಾಕಿದ್ದರೆ, ಓರೆಯಾಗಿ ಕೂತಿದ್ದರೆ ಈ ಅಪಾಯ ಜಾಸ್ತಿ. ಹಾಗಾಗಿ "ಬೀಳಲೇ ಇಲ್ಲ, ಸುಮ್ನೆ ನಡೀತಿದ್ದರು, ಮುರಿದುಹೋಯ್ತು" ಅಂತ ಮನೆಯವರು ಹೇಳಿದರೆ ಅದು ನಿಜವೇ ಇರುತ್ತದೆ. ಅವತ್ತು ಮುರಿದದ್ದಲ್ಲ ಅದು. ಬಿರುಕು ಬಿಡಲು ಶುರುವಾಗಿ ಎಷ್ಟೋ ಕಾಲವಾಗಿತ್ತು.

ಸೆರಾಮಿಕ್ ಬಾಲ್ ಅಥವಾ ಲೈನರ್ ಒಡೆದರೆ ಚೂರುಗಳು ಕೀಲಿನ ತುಂಬಾ ಹರಡುತ್ತವೆ. ಈಗಿನ ಸೆರಾಮಿಕ್ ತುಂಬಾ ಗಟ್ಟಿ, ಒಡೆಯುವುದು ತೀರಾ ಅಪರೂಪ. ಆದರೆ ಒಡೆದಾಗ ಇದು ಎಲ್ಲಕ್ಕಿಂತ ಎಚ್ಚರ ಬೇಕಾದ ಕೇಸು. ಇದರ ಬಗ್ಗೆ ಮುಂದೆ ಬರೆದಿದ್ದೇನೆ.

ಕೆಲವು ಮಾಡೆಲ್‌ಗಳಲ್ಲಿ ಸ್ಟೆಮ್ಮಿಗೂ ಬಾಲ್‌ಗೂ ನಡುವೆ ಬಿಡಿಯಾದ ಕತ್ತಿನ ಭಾಗ ಇರುತ್ತದೆ. ಆ ಜೋಡಣೆಯಲ್ಲಿ ಲೋಹ ಲೋಹಕ್ಕೆ ಉಜ್ಜಿ ತುಕ್ಕು ಹಿಡಿಯುವ ಸಮಸ್ಯೆ ಕಂಡಿತು. ಸ್ಟ್ರೈಕರ್ ಕಂಪನಿ 2012ರಲ್ಲಿ ತನ್ನ ರಿಜುವನೇಟ್ ಮತ್ತು ಎಬಿಜಿ 2 ಎಂಬ ಇಂಥ ಮಾಡೆಲ್‌ಗಳನ್ನು ಇದೇ ಕಾರಣಕ್ಕೆ ವಾಪಸ್ ಪಡೆಯಿತು.

ಇನ್ನು, ಕೀಲು ಸರಿಯಾಗಿಯೇ ಇದ್ದು ಅದರ ಸುತ್ತಲಿನ ತೊಡೆಮೂಳೆ ಮುರಿಯುವುದೂ ಉಂಟು. ವಯಸ್ಸಾದವರಲ್ಲಿ ಭಾಗ ಮುರಿಯುವುದಕ್ಕಿಂತ ಇದೇ ಹೆಚ್ಚು. ರಿಪೋರ್ಟಿನಲ್ಲಿ ವ್ಯಾಂಕೂವರ್ ಬಿ1, ಬಿ2, ಬಿ3 ಅಂತ ಬರೆದಿದ್ದರೆ ಇದೇ ಅದು. ಬಿ1 ಅಂದರೆ ಸ್ಟೆಮ್ ಗಟ್ಟಿಯಾಗಿದೆ, ಸಾಮಾನ್ಯವಾಗಿ ಪ್ಲೇಟು, ತಂತಿ ಹಾಕಿ ಮೂಳೆ ಕೂಡಿಸುತ್ತಾರೆ. ಬಿ2 ಅಂದರೆ ಸ್ಟೆಮ್ ಸಡಿಲವಾಗಿದೆ, ಉದ್ದನೆಯ ಹೊಸ ಸ್ಟೆಮ್ ಬೇಕು. ಬಿ3 ಅಂದರೆ ಸ್ಟೆಮ್ಮೂ ಸಡಿಲ, ಮೂಳೆಯೂ ತೆಳು. ಇದು ದೊಡ್ಡ ಆಪರೇಷನ್. ಬಿ1 ಅಂದುಕೊಂಡು ಪ್ಲೇಟು ಹಾಕಿದ್ದು ನಿಜವಾಗಿ ಬಿ2 ಆಗಿದ್ದರೆ ಆ ಪ್ಲೇಟು ಬಾಳುವುದಿಲ್ಲ, ಅದಕ್ಕೇ "ಸ್ಟೆಮ್ ಸಡಿಲ ಇಲ್ಲ ಅಂತ ಹೇಗೆ ಖಾತ್ರಿ ಮಾಡಿಕೊಂಡಿರಿ?" ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಕೊನೆಯದು, ಏನೂ ಮುರಿದಿಲ್ಲ, ಬಾಲ್ ಕಪ್ಪಿನಿಂದ ಜಾರಿದೆ ಅಷ್ಟೇ. ಅನಸ್ತೇಶಿಯಾ ಕೊಟ್ಟು ಕೂರಿಸುತ್ತಾರೆ. ಪದೇ ಪದೇ ಜಾರಿದರೆ ಅದಕ್ಕೂ ಕಾರಣ ಹುಡುಕಬೇಕು.

ಮೂರನೇ ಹೆಜ್ಜೆ: ಆ ಸ್ಟಿಕ್ಕರ್ ಹಾಳೆ ಹುಡುಕಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಇಂಪ್ಲಾಂಟಿನ, ಅಂದರೆ ದೇಹದೊಳಗೆ ಹಾಕುವ ಕೀಲಿನ, ಪ್ರತಿ ಭಾಗವೂ ಆಸ್ಪತ್ರೆಗೆ ಬೇರೆ ಬೇರೆ ಡಬ್ಬಿಯಲ್ಲಿ ಬರುತ್ತದೆ. ಪ್ರತಿ ಡಬ್ಬಿಯಲ್ಲೂ ಅಂಟಿಸುವ ಚಿಕ್ಕ ಸ್ಟಿಕ್ಕರ್‌ಗಳಿರುತ್ತವೆ. ಆಪರೇಷನ್ ಮುಗಿದ ಮೇಲೆ ಅವನ್ನು ಕೇಸ್ ಶೀಟಿನಲ್ಲಿ ಅಂಟಿಸುತ್ತಾರೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಬಿಳಿ ಚೀಟಿ, ಅದರ ಮೇಲೆ ಕಂಪನಿ ಹೆಸರು, ಬಾರ್‌ಕೋಡ್, ಸೈಜು, ಆರ್‌ಇಎಫ್ ಅಂತ ಒಂದು ನಂಬರ್, ಎಲ್‌ಓಟಿ (ಲಾಟ್) ಅಂತ ಇನ್ನೊಂದು ನಂಬರ್. ಆರ್‌ಇಎಫ್ ಮಾಡೆಲ್ ಯಾವುದು ಅಂತ ಹೇಳುತ್ತದೆ. ಲಾಟ್ ನಂಬರ್ ಅದು ಯಾವ ಬ್ಯಾಚಿನಲ್ಲಿ ತಯಾರಾಯಿತು ಅಂತ ಹೇಳುತ್ತದೆ. ನಮ್ಮ ದೊಡ್ಡಮ್ಮನ ಫೈಲಿನಲ್ಲಿ ಈ ಹಾಳೆ ಸಿಕ್ಕಿದ್ದು ಔಷಧಿ ಬಿಲ್ಲುಗಳ ಕಟ್ಟಿನ ನಡುವೆ, ಸ್ಟೇಪ್ಲರ್ ಪಿನ್ ತುಕ್ಕು ಹಿಡಿದು ಒಂದು ಸ್ಟಿಕ್ಕರಿನ ಮೂಲೆಯನ್ನೇ ತಿಂದಿತ್ತು, ಆದರೂ ನಂಬರ್ ಓದಲು ಬಂತು. ಅದನ್ನು ನೋಡಿದ ಡಾಕ್ಟರ್ ಅಲ್ಲೇ ಫೋಟೋ ತೆಗೆದುಕೊಂಡು ಅದಕ್ಕೆ ಹೊಂದುವ ಉಪಕರಣ ತರಿಸಲು ಹೇಳಿದರು.

ಈ ನಂಬರ್ ಅಷ್ಟು ಮುಖ್ಯವೇಕೆ? ಒಂದು, ಸ್ಟೆಮ್ ಗಟ್ಟಿಯಾಗಿದ್ದು ಬರೀ ಬಾಲ್ ಬದಲಿಸಬೇಕಾದರೆ ಹೊಸ ಬಾಲ್ ಆ ಸ್ಟೆಮ್ಮಿನ ಮೇಲ್ತುದಿಗೆ ಸರಿಯಾಗಿ ಕೂರಬೇಕು. ಕಂಪನಿಯಿಂದ ಕಂಪನಿಗೆ ಆ ಅಳತೆ ಬೇರೆ, ನೋಡಲು ಒಂದೇ ಥರ ಇದ್ದರೂ. ಎರಡು, ತೆಗೆಯುವ ಉಪಕರಣ ಎಷ್ಟೋ ಮಾಡೆಲ್‌ಗಳಿಗೆ ಬೇರೆ ಬೇರೆ ಇರುತ್ತದೆ. ಮೂರು, ತಪ್ಪು ಇಡೀ ಮಾಡೆಲ್‌ನಲ್ಲಿ ಇರದೆ ಒಂದು ಬ್ಯಾಚಿನಲ್ಲಿ ಮಾತ್ರ ಇರಬಹುದು. 2001ರಲ್ಲಿ ಫ್ರಾನ್ಸಿನ ಸೇಂಟ್-ಗೊಬೇನ್ ಡೆಮಾರ್ಕೆಸ್ಟ್ ಕಂಪನಿಯ ಜಿರ್ಕೋನಿಯಾ ಸೆರಾಮಿಕ್ ಬಾಲ್‌ಗಳು ಒಡೆಯತೊಡಗಿದವು. ಹುಡುಕುತ್ತಾ ಹೋದಾಗ ಸಿಕ್ಕಿದ ಕಾರಣ, ಬಾಲ್ ಸುಡುವ ಕುಲುಮೆಯನ್ನು ಕಂಪನಿ ಬದಲಿಸಿತ್ತು. ಹೊಸ ಕುಲುಮೆಯ ಕೆಲವು ಬ್ಯಾಚುಗಳಲ್ಲೇ ತೊಂದರೆ. ತನ್ನ ಬ್ಯಾಚ್ ನಂಬರ್ ಗೊತ್ತಿದ್ದ ರೋಗಿಗೆ ತನ್ನದು ಆ ಗುಂಪಿನದೋ ಅಲ್ಲವೋ ಎಂದು ತಿಳಿಯುವ ದಾರಿ ಇತ್ತು.

ನಮ್ಮ ದೇಶದಲ್ಲಿ ಎಎಸ್ಆರ್ ಕೇಸಿನಲ್ಲಿ ಇದರ ಉಲ್ಟಾ ಆಯಿತು. ಜಾನ್ಸನ್ ಅಂಡ್ ಜಾನ್ಸನ್‌ನ ಡೆಪ್ಯೂ ಕಂಪನಿ ಮಾಡುತ್ತಿದ್ದ ಎಎಸ್ಆರ್ ಕೀಲಿನಲ್ಲಿ ಕಪ್ಪೂ ಲೋಹ, ಬಾಲೂ ಲೋಹ. ಎರಡೂ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಪುಡಿ ರಕ್ತಕ್ಕೂ ಸುತ್ತಲಿನ ಮಾಂಸಕ್ಕೂ ಸೇರುತ್ತಿತ್ತು. ಐದೇ ವರ್ಷದಲ್ಲಿ ನೂರಕ್ಕೆ 12-13 ಜನರಿಗೆ ರಿವಿಷನ್ ಬೇಕಾಗುತ್ತಿದೆ ಎಂದು ಗೊತ್ತಾಗಿ 2010ರ ಆಗಸ್ಟ್‌ನಲ್ಲಿ ಕಂಪನಿ ಜಗತ್ತಿನಾದ್ಯಂತ ಅದನ್ನು ವಾಪಸ್ ಪಡೆಯಿತು. ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಲಾಗಿತ್ತು. ಅದರಲ್ಲಿ ಸಾವಿರಾರು ಜನ ಯಾರು, ಎಲ್ಲಿದ್ದಾರೆ ಎಂಬುದೇ ಪತ್ತೆಯಾಗಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗಿನ ಪರಿಹಾರದ ಸೂತ್ರವನ್ನು ಒಪ್ಪಿತು. ತನ್ನೊಳಗೆ ಇರುವುದು ಎಎಸ್ಆರ್ ಅಂತಲೇ ಗೊತ್ತಿಲ್ಲದವರು ಅದನ್ನು ಕೇಳುವುದಾದರೂ ಹೇಗೆ? ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮ ಮನೆಯಲ್ಲಿ 2010ಕ್ಕಿಂತ ಮುಂಚಿನ ಕೆಲ ವರ್ಷಗಳಲ್ಲಿ ಹಿಪ್ ಹಾಕಿಸಿಕೊಂಡವರು ಇದ್ದರೆ, ನೋವಿರಲಿ ಬಿಡಲಿ, ಇವತ್ತೇ ಫೈಲು ತೆಗೆದು ನೋಡಿ.

ಫೈಲು ಇಲ್ಲವೇ? ಹಳೇ ಆಸ್ಪತ್ರೆಗೆ ಬರಹದಲ್ಲಿ ಅರ್ಜಿ ಕೊಡಿ. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ವೈದ್ಯರ ನಡವಳಿಕೆಯ ನಿಯಮದಲ್ಲೇ ಇದೆ. ಆದರೆ ಅದೇ ನಿಯಮದ ಪ್ರಕಾರ ದಾಖಲೆ ಇಟ್ಟುಕೊಳ್ಳಬೇಕಾದ ಕಡ್ಡಾಯ ಅವಧಿ ಮೂರೇ ವರ್ಷ. ಆಮೇಲೆ ಸಿಕ್ಕರೆ ಸಿಕ್ಕಿತು. ಕೇಸ್ ಶೀಟ್ ಇಲ್ಲ ಎಂದರೆ ಆಪರೇಷನ್ ಥಿಯೇಟರಿನ ರಿಜಿಸ್ಟರ್, ಇಂಪ್ಲಾಂಟ್ ಬಿಲ್, ಇನ್ಶೂರೆನ್ಸ್‌ಗೆ ಕಳಿಸಿದ್ದ ಕಾಗದ ಕೇಳಿ. ಎಷ್ಟೋ ಸಲ ಕ್ಲೇಮ್ ಫೈಲಿನಲ್ಲಿ ಸ್ಟಿಕ್ಕರಿನ ಜೆರಾಕ್ಸ್ ಇರುತ್ತದೆ. ಏನೂ ಸಿಗದಿದ್ದರೆ ಅನುಭವ ಇರುವ ಡಾಕ್ಟರ್ ಎಕ್ಸ್-ರೇಯಲ್ಲಿ ಆಕಾರ ನೋಡಿ ಮಾಡೆಲ್ ಅಂದಾಜು ಮಾಡಬಲ್ಲರು.

ನಾಲ್ಕನೇ ಹೆಜ್ಜೆ: ಪರೀಕ್ಷೆಗಳು

ಎಕ್ಸ್-ರೇ ತೆಗೆಯುವಾಗ ಬರೀ ಸೊಂಟದ್ದಷ್ಟೇ ಸಾಲದು, ಸ್ಟೆಮ್ಮಿನ ತುದಿಯ ಕೆಳಗಿನವರೆಗೂ ತೊಡೆಮೂಳೆ ಪೂರ್ತಿ ಕಾಣಬೇಕು, ಎದುರಿನಿಂದ ಒಂದು, ಪಕ್ಕದಿಂದ ಒಂದು. ಹಳೇ ಎಕ್ಸ್-ರೇಯ ಪಕ್ಕ ಹೊಸದನ್ನು ಇಟ್ಟು ನೋಡಿದರೆ ಸ್ಟೆಮ್ ಎಷ್ಟು ಕೆಳಗಿಳಿದಿದೆ, ಅದರ ಸುತ್ತ ಕಪ್ಪು ಗೆರೆ ಯಾವಾಗ ಶುರುವಾಯಿತು ಎಂಬುದು ನಮ್ಮಂಥವರಿಗೂ ಕಾಣುತ್ತದೆ. ಸಣ್ಣ ಬಿರುಕು ಅನುಮಾನ ಇದ್ದರೆ ಸಿ.ಟಿ. ಮಾಡಿಸುತ್ತಾರೆ.

ಸೋಂಕು ಇದೆಯೋ ಇಲ್ಲವೋ ಎಂಬುದು ಇಲ್ಲಿ ನಿರ್ಣಾಯಕ. ಇಎಸ್ಆರ್, ಸಿಆರ್‌ಪಿ ರಕ್ತ ಪರೀಕ್ಷೆ ಮೊದಲು. ಅನುಮಾನ ಬಂದರೆ ಕೀಲಿನಿಂದ ಸೂಜಿಯಲ್ಲಿ ನೀರು ತೆಗೆದು ಕಲ್ಚರ್‌ಗೆ ಕಳಿಸುತ್ತಾರೆ. ಇಲ್ಲಿ ನಮ್ಮವರು ಮಾಡುವ ಒಂದು ಕೆಲಸ ಎಲ್ಲವನ್ನೂ ಕೆಡಿಸುತ್ತದೆ: ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವುದು. ಆಗ ಕ್ರಿಮಿ ಒಳಗೇ ಇದ್ದರೂ ಕಲ್ಚರ್‌ನಲ್ಲಿ ಬೆಳೆಯುವುದಿಲ್ಲ, ರಿಪೋರ್ಟ್ "ಸೋಂಕಿಲ್ಲ" ಅನ್ನುತ್ತದೆ, ಹೊಸ ಕೀಲನ್ನು ಕೀವಿನ ಮೇಲೆ ಕೂರಿಸಿದಂತಾಗುತ್ತದೆ. ರೋಗಿ ಸ್ಥಿರವಾಗಿದ್ದರೆ ಡಾಕ್ಟರೇ ಕನಿಷ್ಠ ಎರಡು ವಾರ ಆಂಟಿಬಯೋಟಿಕ್ ನಿಲ್ಲಿಸಿ ಆಮೇಲೆ ನೀರು ತೆಗೆಯುತ್ತಾರೆ. ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ಹೇಳಿ.

ಲೋಹದ ಮೇಲೆ ಲೋಹ ಇರುವ ಕೀಲಾದರೆ ರಕ್ತದಲ್ಲಿ ಕೋಬಾಲ್ಟ್, ಕ್ರೋಮಿಯಂ ಅಳೆಸಬೇಕು. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ಲೀಟರಿಗೆ 7 ಮೈಕ್ರೋಗ್ರಾಂ ದಾಟಿದರೆ ಹೆಚ್ಚಿನ ತಪಾಸಣೆ ಮಾಡಿ ಎಂದು ಹೇಳಿತ್ತು.

ಐದನೇ ಹೆಜ್ಜೆ: ಡಾಕ್ಟರ್ ಆರಿಸಿಕೊಳ್ಳುವುದು, ಪ್ರಶ್ನೆ ಕೇಳುವುದು

ಮೊದಲ ಸಲ ಕೀಲು ಹಾಕುವುದು ಒಂದು ಕೆಲಸ, ಮುರಿದದ್ದನ್ನು ತೆಗೆದು ಮತ್ತೆ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಸಮಯ ಜಾಸ್ತಿ, ರಕ್ತ ಜಾಸ್ತಿ ಹೋಗುತ್ತದೆ, ಸೋಂಕು ಮತ್ತು ಕೀಲು ಜಾರುವ ಅಪಾಯವೂ ಜಾಸ್ತಿ. ಹಾಗಾಗಿ ಹತ್ತಿರದ ಆಸ್ಪತ್ರೆ ಎನ್ನುವುದಕ್ಕಿಂತ ರಿವಿಷನ್ ಆಗಾಗ ಮಾಡುವ ಡಾಕ್ಟರ್, ಐಸಿಯು, ರಕ್ತನಿಧಿ ಇರುವ ಆಸ್ಪತ್ರೆ ಮುಖ್ಯ. ಸುತ್ತಲಿನ ಮೂಳೆ ಮುರಿದ ವಯಸ್ಸಾದವರನ್ನು ಬಹಳ ದಿನ ಮಲಗಿಸಿ ಕಾಯುವಂತಿಲ್ಲ, ಅಂಥವರಿಗೆ ಸೆಕೆಂಡ್ ಒಪಿನಿಯನ್ ಫೋನಿನಲ್ಲೇ ಎಕ್ಸ್-ರೇ ಕಳಿಸಿ ಒಂದೆರಡು ದಿನದಲ್ಲಿ ಮುಗಿಸಿ. ಉಳಿದವರು ಗಾಬರಿಯಿಂದ ಅವತ್ತೇ ಸಹಿ ಹಾಕಬೇಕಾಗಿಲ್ಲ.

ಕೂತು ಕೇಳಬೇಕಾದ್ದು ಇಷ್ಟು. ಮುರಿಯಲು ಕಾರಣ ಏನು ಅನ್ನಿಸುತ್ತದೆ? ಕಪ್ಪು, ಸ್ಟೆಮ್ಮು ಎರಡೂ ತೆಗೆಯುತ್ತೀರಾ, ಒಂದು ಉಳಿಸುತ್ತೀರಾ? ಒಳಗೆ ಉಳಿದ ಸ್ಟೆಮ್ ತುಂಡನ್ನು ಹೇಗೆ ತೆಗೆಯುತ್ತೀರಿ? ಆಪರೇಷನ್ ಮಧ್ಯೆ ಸೋಂಕು ಕಂಡರೆ ಪ್ಲಾನ್ ಏನು? ಹೊಸ ಬಾಲ್ ಯಾವುದರದ್ದು?

ಕೊನೆಯ ಪ್ರಶ್ನೆ ಚಿಕ್ಕದಾಗಿ ಕಾಣುತ್ತದೆ, ಅದರ ಹಿಂದೆ ದೊಡ್ಡ ಘಟನೆ ಇದೆ. ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ 2012ರಲ್ಲಿ 55 ವರ್ಷದ ಒಬ್ಬರು ಬಂದರು. ಹೃದಯ ತೀರಾ ಸೋತಿತ್ತು, ಕಿವಿ ಕೇಳುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು, ಕಾರಣ ತಿಳಿಯದ ಜ್ವರ. ಎರಡು ವರ್ಷದ ಹಿಂದೆ ಅವರ ಸೆರಾಮಿಕ್ ಬಾಲ್ ಒಡೆದು, ಅದರ ಜಾಗಕ್ಕೆ ಲೋಹದ ಬಾಲ್ ಹಾಕಲಾಗಿತ್ತು. ಒಳಗೆ ಉಳಿದಿದ್ದ ಸೆರಾಮಿಕ್ ಚೂರುಗಳು ಆ ಲೋಹವನ್ನು ಅರೆಯುತ್ತಾ ಇದ್ದವು, ಕೋಬಾಲ್ಟ್ ರಕ್ತಕ್ಕೆ ಸೇರುತ್ತಾ ಇತ್ತು. ಲೋಹ ತೆಗೆದು ಮತ್ತೆ ಸೆರಾಮಿಕ್ ಹಾಕಿದ ಮೇಲೆ ಹೃದಯ ಸಾಕಷ್ಟು ಚೇತರಿಸಿಕೊಂಡಿತು, ಕಿವಿ ಕಣ್ಣು ಹೆಚ್ಚೇನೂ ಸುಧಾರಿಸಲಿಲ್ಲ. ಕೀಲಿನ ಜಾಗವನ್ನು ಎಷ್ಟೇ ತೊಳೆದರೂ ಸೆರಾಮಿಕ್‌ನ ಕಣ್ಣಿಗೆ ಕಾಣದ ಪುಡಿ ಉಳಿಯುತ್ತದೆ. ಆದ್ದರಿಂದ ಒಡೆದದ್ದು ಸೆರಾಮಿಕ್ ಆದರೆ, ಬದಲಿಗೆ ಲೋಹದ ಬಾಲ್ ಬೇಡ, ಮತ್ತೆ ಸೆರಾಮಿಕ್ ಬಾಲೇ ಬೇಕು. ಸುತ್ತಲಿನ ಒಳಪೊರೆಯನ್ನೂ ಕೆರೆದು ತೆಗೆಯಬೇಕು. "ಲೋಹದ್ದಾದರೆ ಕಡಿಮೆಗೆ ಆಗುತ್ತೆ" ಎಂದು ಯಾರಾದರೂ ಹೇಳಿದರೆ ಈ ಕೇಸನ್ನು ಅವರ ಮುಂದಿಡಿ.

ಆಪರೇಷನ್ನಿನಲ್ಲಿ ಏನಾಗುತ್ತದೆ

ಮುರಿದ ಸ್ಟೆಮ್ಮಿನ ಮೇಲಿನ ತುಂಡು ಸುಲಭವಾಗಿ ಬರುತ್ತದೆ. ಕೆಳಗಿನದು ಗಟ್ಟಿಯಾಗಿ ಕೂತಿರುತ್ತದೆ, ಅಲ್ಲಿ ಗಟ್ಟಿ ಇದ್ದದ್ದರಿಂದಲೇ ತಾನೇ ಮೇಲೆ ಮುರಿದದ್ದು. ಅದನ್ನು ತೆಗೆಯಲು ತೊಡೆಮೂಳೆಯ ಹೊರಬದಿಯ ಒಂದು ಉದ್ದ ಪಟ್ಟಿಯನ್ನು ಅಳತೆಯಾಗಿ ಕತ್ತರಿಸಿ ಬಾಗಿಲಿನ ಹಾಗೆ ತೆರೆಯುತ್ತಾರೆ, ತುಂಡು ತೆಗೆದು, ಹೊಸ ಉದ್ದ ಸ್ಟೆಮ್ ಇಳಿಸಿ, ಪಟ್ಟಿಯನ್ನು ಮತ್ತೆ ಮುಚ್ಚಿ ತಂತಿ ಬಿಗಿಯುತ್ತಾರೆ. "ಮೂಳೆಯನ್ನು ಬೇಕಂತಲೇ ಕತ್ತರಿಸಿದರಂತೆ" ಅಂತ ಕೇಳಿ ಹೆದರಬೇಡಿ. ಕತ್ತರಿಸದೆ ಬಲವಂತವಾಗಿ ಎಳೆದರೆ ಮೂಳೆ ಮನಬಂದಂತೆ ಸೀಳುತ್ತದೆ.

ಸೋಂಕಿದ್ದರೆ ಹಲವು ಸಲ ಎರಡು ಹಂತ ಮಾಡುತ್ತಾರೆ. ಮೊದಲು ಎಲ್ಲ ತೆಗೆದು, ತೊಳೆದು, ಆಂಟಿಬಯೋಟಿಕ್ ಬೆರೆಸಿದ ಸಿಮೆಂಟಿನ ತಾತ್ಕಾಲಿಕ ಕೀಲು ಇಡುವುದು. ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳಾದ ಮೇಲೆ, ಸೋಂಕು ಹೋಗಿದ್ದರೆ, ಹೊಸದನ್ನು ಹಾಕುವುದು. ಈ ನಡುವಿನ ಕಾಲ ಮನೆಯವರಿಗೆ ಬಹಳ ಕಷ್ಟ. ಮುಂಚೆಯೇ ಗೊತ್ತಿದ್ದರೆ ರಜೆ, ಹಣ, ನೋಡಿಕೊಳ್ಳುವವರು ಎಲ್ಲ ಹೊಂದಿಸಿಕೊಳ್ಳಬಹುದು.

ಆರನೇ ಹೆಜ್ಜೆ: ಮುರಿದ ತುಂಡನ್ನು ಎಸೆಯಲು ಬಿಡಬೇಡಿ

ಇದನ್ನು ಆಪರೇಷನ್ನಿಗೆ ಮುಂಚೆಯೇ ಮಾಡಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ದೇಹದಿಂದ ತೆಗೆದ ಲೋಹದ ಇಂಪ್ಲಾಂಟ್ ನೀಲಿ ಗುರುತಿನ ಡಬ್ಬಿಗೆ ಹೋಗುತ್ತದೆ. ಯಾರೂ ಕೇಳದಿದ್ದರೆ ಸಂಜೆಯೊಳಗೆ ಹೋಗಿಬಿಡುತ್ತದೆ. ಆದರೆ ಯಾಕೆ ಮುರಿಯಿತು ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ತುಂಡಿನ ಮೈಮೇಲೆಯೇ. ನಿಧಾನವಾಗಿ ದಣಿದು ಮುರಿದ ಲೋಹದ ಮುರಿದ ಮುಖದಲ್ಲಿ, ಬಿರುಕು ಶುರುವಾದ ಜಾಗದಿಂದ ಒಂದರ ಹಿಂದೆ ಒಂದು ಅಲೆ ಅಲೆಯಾದ ಗೆರೆ ಇರುತ್ತದೆ. ಒಮ್ಮೆಲೇ ಮುರಿದರೆ ಆ ಗೆರೆ ಇರುವುದಿಲ್ಲ. ಲೋಹದಲ್ಲೇ ದೋಷ ಇದ್ದರೆ, ಮೊದಲ ಆಪರೇಷನ್ನಿನಲ್ಲಿ ಗೀರು ಬಿದ್ದಿದ್ದರೆ, ಸೂಕ್ಷ್ಮದರ್ಶಕದಲ್ಲಿ ಲೋಹ ತಜ್ಞರು ನೋಡಿ ಹೇಳಬಲ್ಲರು.

ಹೀಗೊಂದು ಪತ್ರ ಬರೆದು ಕೊಡಿ: "ನನ್ನ ದೇಹದಿಂದ ತೆಗೆಯುವ ಇಂಪ್ಲಾಂಟಿನ ಎಲ್ಲ ಭಾಗ ಮತ್ತು ಚೂರುಗಳನ್ನು ಎಸೆಯಬಾರದು. ತೆಗೆದ ಕೂಡಲೇ ಫೋಟೋ ತೆಗೆದು, ಕ್ರಿಮಿಶುದ್ಧಿ ಮಾಡಿ, ನನ್ನ ಹೆಸರು, ಆಸ್ಪತ್ರೆ ನಂಬರ್, ದಿನಾಂಕ ಬರೆದ ಡಬ್ಬಿಯಲ್ಲಿ ಸೀಲ್ ಮಾಡಿ, ಸಹಿ ಪಡೆದು ನನಗೆ ಅಥವಾ ನನ್ನ ಮನೆಯವರಿಗೆ ಒಪ್ಪಿಸಬೇಕೆಂದು ಕೋರುತ್ತೇನೆ. ಇದನ್ನು ಆಪರೇಷನ್ ನೋಟಿನಲ್ಲೂ ದಾಖಲಿಸಬೇಕು." ಎರಡು ಪ್ರತಿ ಮಾಡಿ, ಒಂದಕ್ಕೆ ಆಸ್ಪತ್ರೆಯ ಸೀಲು ಹಾಕಿಸಿಕೊಳ್ಳಿ. ಜಗಳದ ದನಿ ಬೇಡ. ಆಪರೇಷನ್ ಮಾಡುವ ಡಾಕ್ಟರಿಗೂ ಕಾರಣ ತಿಳಿಯುವ ಕುತೂಹಲ ಇರುತ್ತದೆ, ವಿವರಿಸಿ ಹೇಳಿ.

ತುಂಡು ಕೈಗೆ ಬಂದ ಮೇಲೆ ಮುರಿದ ಎರಡು ಮುಖಗಳನ್ನು ಒಂದಕ್ಕೊಂದು ಸೇರಿಸಿ ನೋಡಬೇಡಿ, ಉಜ್ಜಬೇಡಿ. ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಸುತ್ತಿಡಿ. ಕಂಪನಿಯವರು ಪರೀಕ್ಷೆಗೆ ಬೇಕು ಎಂದರೆ ಬರಹದ ರಸೀದಿ, ವಾಪಸ್ ಕೊಡುವ ದಿನಾಂಕ ಇಲ್ಲದೆ ಕೊಡಬೇಡಿ.

ಹಣದ ವಿಷಯ

ಎಸ್ಟಿಮೇಟ್ ಕೇಳುವಾಗ ಇಂಪ್ಲಾಂಟಿನ ಬೆಲೆ ಬೇರೆ, ಆಸ್ಪತ್ರೆ ಖರ್ಚು ಬೇರೆ ಬರೆಸಿಕೊಳ್ಳಿ. ರಿವಿಷನ್ ಸ್ಟೆಮ್ ಮೊದಲಿನದಕ್ಕಿಂತ ದುಬಾರಿ. 2017ರಲ್ಲಿ ಸರ್ಕಾರ ಮಂಡಿಯ ಇಂಪ್ಲಾಂಟಿಗೆ ಬೆಲೆ ಮಿತಿ ಹಾಕಿದ್ದನ್ನು ನೆನಪಿಟ್ಟುಕೊಂಡು ಸೊಂಟಕ್ಕೂ ಅದೇ ಎಂದುಕೊಳ್ಳಬೇಡಿ, ಆ ಆದೇಶ ಮಂಡಿಗೆ ಮಾತ್ರ.

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ ಸಿಗುತ್ತದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸಾಧ್ಯವಿಲ್ಲ ಎಂದರೆ ಅವರು ರೆಫರಲ್ ಕೊಡುತ್ತಾರೆ. ರೆಫರಲ್ ಇಲ್ಲದೆ ನೇರ ಪ್ರೈವೇಟ್ ಆಸ್ಪತ್ರೆಗೆ ಸೇರಿ ಆಮೇಲೆ ಕೇಳಿದರೆ ಕಷ್ಟ. ಬೆಂಗಳೂರಿನ ಜಯನಗರದಲ್ಲಿ ಮೂಳೆ ಚಿಕಿತ್ಸೆಗಾಗಿಯೇ ಸರ್ಕಾರದ ಸಂಜಯ್ ಗಾಂಧಿ ಸಂಸ್ಥೆ ಇದೆ. ಯೋಜನೆಯ ಬಗ್ಗೆ ಅನುಮಾನ ಇದ್ದರೆ 104ಕ್ಕೆ ಫೋನ್ ಮಾಡಿ.

ದೂರು ಕೊಡುವುದು

ಮುರಿದದ್ದೆಲ್ಲ ಕಂಪನಿಯ ತಪ್ಪೂ ಅಲ್ಲ, ಡಾಕ್ಟರ ತಪ್ಪೂ ಅಲ್ಲ. ಇಪ್ಪತ್ತು ವರ್ಷ ದುಡಿದ ಸ್ಟೆಮ್ ಮೂಳೆ ಸವೆದು ಮುರಿದರೆ ಯಾರನ್ನು ದೂರುವುದು? ಆದರೆ ಎರಡು ಮೂರು ವರ್ಷದಲ್ಲೇ ಮುರಿದರೆ ಅದು ದಾಖಲಾಗಲೇಬೇಕು. ವೈದ್ಯಕೀಯ ಉಪಕರಣಗಳ ತೊಂದರೆ ವರದಿ ಮಾಡಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಪ್ರೋಗ್ರಾಂ ಆಫ್ ಇಂಡಿಯಾ ಇದೆ, ಘಾಜಿಯಾಬಾದ್‌ನ ಇಂಡಿಯನ್ ಫಾರ್ಮಾಕೋಪಿಯ ಕಮಿಷನ್ ಅದನ್ನು ನಡೆಸುತ್ತದೆ. ಉಚಿತ ಸಹಾಯವಾಣಿ 1800-180-3024. ರೋಗಿಯೇ ವರದಿ ಮಾಡಬಹುದು. ಆರ್‌ಇಎಫ್, ಲಾಟ್ ನಂಬರ್ ಇಲ್ಲಿ ಮತ್ತೆ ಬೇಕಾಗುತ್ತದೆ. ಒಂದೇ ಬ್ಯಾಚಿನ ನಾಲ್ಕು ಜನ ನಾಲ್ಕು ಊರಿನಿಂದ ವರದಿ ಮಾಡಿದರೆ ಮಾತ್ರ ಅದು ಒಬ್ಬರ ದುರದೃಷ್ಟವಲ್ಲ ಎಂದು ಗೊತ್ತಾಗುವುದು.

ಪರಿಹಾರ ಬೇಕಾದರೆ ಗ್ರಾಹಕರ ಆಯೋಗ. 2019ರ ಕಾಯ್ದೆಯಲ್ಲಿ ವಸ್ತುವಿನ ದೋಷಕ್ಕೆ ತಯಾರಕರನ್ನೇ ಹೊಣೆ ಮಾಡುವ ಅಧ್ಯಾಯ ಇದೆ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ನೀವು ಕಟ್ಟಿದ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ಸಾಕು. ತಜ್ಞರ ಅಭಿಪ್ರಾಯ, ಮುರಿದ ತುಂಡು, ಸ್ಟಿಕ್ಕರ್ ಇವಿಲ್ಲದೆ ಕೇಸು ನಿಲ್ಲುವುದು ಕಷ್ಟ.

ಮನೆಗೆ ಬಂದ ಮೇಲೆ

ಮೊದಲ ಆಪರೇಷನ್ ಆದಾಗ ಮಾರನೇ ದಿನವೇ ನಡೆಸಿದ್ದರು ಎಂಬ ನೆನಪಿನಲ್ಲಿ ಈ ಸಲವೂ ಅವಸರ ಮಾಡಬೇಡಿ. ಮೂಳೆ ಪಟ್ಟಿ ತೆರೆದು ಮುಚ್ಚಿದ್ದರೆ ವಾಕರ್ ಹಿಡಿದು, ಕಾಲಿಗೆ ಅರೆಭಾರ ಮಾತ್ರ ಹಾಕಿ ವಾರಗಟ್ಟಲೆ ನಡೆಯಬೇಕಾಗುತ್ತದೆ. ಎಷ್ಟು ಭಾರ, ಎಷ್ಟು ವಾರ ಎಂದು ಡಿಸ್ಚಾರ್ಜ್ ಸಮ್ಮರಿಯಲ್ಲೇ ಬರೆಸಿಕೊಳ್ಳಿ, ಫಿಸಿಯೋಗೆ ಅದನ್ನೇ ತೋರಿಸಿ.

ಆಸ್ಪತ್ರೆಯಿಂದ ಬರುವ ಮುಂಚೆಯೇ ಮನೆ ಸಿದ್ಧ ಮಾಡಿ. ನೆಲದ ಮೇಲೆ ಕೂರುವುದು, ಚಕ್ಕಂಬಕ್ಕಳ, ಇಂಡಿಯನ್ ಟಾಯ್ಲೆಟ್ ಮೂರೂ ಬಂದ್. ಕಮೋಡ್ ತಗ್ಗಾಗಿದ್ದರೆ ಎತ್ತರಿಸುವ ಸೀಟು ಹಾಕಿಸಿ. ಬಚ್ಚಲಲ್ಲಿ ಹಿಡಿಕೆ, ಒರಟು ಮ್ಯಾಟು ಇರಲಿ, ಸೋಫಾ ಬದಲು ಗಟ್ಟಿಯಾದ ಎತ್ತರದ ಕುರ್ಚಿ ಇರಲಿ. ಕಾಲುಚೀಲ ಹಾಕಲು, ಬಿದ್ದದ್ದು ಎತ್ತಲು ಬಗ್ಗಬಾರದು. ಪೂಜೆಗೆ ಕೂರಲೇಬೇಕು ಎನ್ನುವ ಹಿರಿಯರಿಗೆ ದೇವರ ಕೋಣೆಯಲ್ಲೂ ಒಂದು ಕುರ್ಚಿ ಹಾಕಿ, ಇಲ್ಲದಿದ್ದರೆ ಯಾರೂ ಇಲ್ಲದಾಗ ನೆಲಕ್ಕೆ ಕೂತೇ ಬಿಡುತ್ತಾರೆ.

ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೂಳೆ ತೆಳುವಾಗಿದ್ದರೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆ ಮಾಡಿಸಿ, ಅದಕ್ಕೆ ಬೇರೆಯೇ ಔಷಧಿ ಇದೆ. ಬರೀ ಕ್ಯಾಲ್ಸಿಯಂ ಮಾತ್ರೆ ಸಾಲದು.

ಹೊಸ ಇಂಪ್ಲಾಂಟಿನ ಸ್ಟಿಕ್ಕರ್‌ಗಳ ಫೋಟೋ ತೆಗೆದು ಮನೆಯ ಎಲ್ಲರ ಫೋನಿಗೆ ಕಳಿಸಿ, ಬೇರೆ ಊರಲ್ಲಿರುವ ಮಕ್ಕಳಿಗೂ. ಮೊದಲ ವರ್ಷ ಡಾಕ್ಟರ್ ಹೇಳಿದ ದಿನಗಳಿಗೆ ಎಕ್ಸ್-ರೇ ಮಾಡಿಸಿ, ಆಮೇಲೆ ನೋವಿಲ್ಲದಿದ್ದರೂ ವರ್ಷ ಎರಡು ವರ್ಷಕ್ಕೊಮ್ಮೆ ಮಾಡಿಸಿ, ಫಿಲ್ಮು ಅಥವಾ ಸಿಡಿ ಎಸೆಯಬೇಡಿ. ಕುರ್ಚಿಯಿಂದ ಎದ್ದ ಕೂಡಲೇ ತೊಡೆ ನೋವು ಎಂದು ಮತ್ತೆ ಹೇಳಲು ಶುರು ಮಾಡಿದರೆ, ಮುಂದಿನ ಚೆಕಪ್‌ವರೆಗೆ ಕಾಯದೆ ಆ ವಾರವೇ ಎಕ್ಸ್-ರೇ ತೆಗೆಸಿ.